ಯಾವ ಬಿ.ಪಿ. ಗುಳಿಗೆ ಹೆಚ್ಚು ಪರಿಣಾಮಕಾರಿ?

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯಲ್ಲಿ ಔಷಧ ಅಂಗಡಿ ನಡೆಸುತ್ತಿರುವ ನನಗೆ ಮೇಲಿಂದ ಮೇಲೆ ಕೇಳಿಬರುವ ಮಾತೊಂದಿದೆ: ‘ಬಾಜೂ ಮನಿಯವರು ತಗೊಳ್ಳೋ ಬಿ.ಪಿ. ಗುಳಿಗಿ ಭಾಳ ಛಲೋ ಅಂತ, ನನಗೂ ಅದನ್ನ ಕೊಡ್ರಿ.’ ವೈದ್ಯರು ಬರೆದದ್ದನ್ನು ಬಿಟ್ಟು ನೆರೆಯವರ ಗುಳಿಗೆ ನುಂಗುವವರನ್ನು ಕಂಡು ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

2002ರಲ್ಲಿ ಪ್ರಕಟವಾದ ‘ಆಲ್‌ಹ್ಯಾಟ್’ ಅಧ್ಯಯನ ಇದೇ ಪ್ರಶ್ನೆಗೆ ಉತ್ತರ ಹುಡುಕಿತ್ತು. 55 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ 33,357 ಜನರಿಗೆ ಕ್ಲೋರ್ಥಾಲಿಡೋನ್, ಅಮ್ಲೋಡಿಪಿನ್, ಲಿಸಿನೋಪ್ರಿಲ್‌ಗಳಲ್ಲಿ ಒಂದನ್ನು ಕೊಟ್ಟು ಸರಾಸರಿ ಐದು ವರ್ಷದವರೆಗೆ ಗಮನಿಸಿದಾಗ, ಹೃದಯಾಘಾತ ತಡೆಯುವುದರಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ; ಹೃದಯ ವೈಫಲ್ಯ (ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ತಳ್ಳಲಾರದ ಸ್ಥಿತಿ) ತಡೆಯುವುದರಲ್ಲಿ ಮಾತ್ರ, ಮೂತ್ರದ ಮೂಲಕ ಉಪ್ಪು-ನೀರು ಹೊರಹಾಕುವ ಹಳೆಯ, ಅಗ್ಗದ ಕ್ಲೋರ್ಥಾಲಿಡೋನ್ ಉಳಿದೆರಡಕ್ಕಿಂತ ಮೇಲೆನಿಸಿತು.

ನಿಜವಾದ ಅಂತರವಿರುವುದು ಯಾರ ದೇಹಕ್ಕೆ ಯಾವುದು ಒಗ್ಗುತ್ತದೆ ಎಂಬಲ್ಲಿ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಬಾವು ಬರುತ್ತದೆ. ಕ್ಲೋರ್ಥಾಲಿಡೋನ್‌ನಿಂದ ರಕ್ತದಲ್ಲಿ ಪೊಟ್ಯಾಸಿಯಂ, ಸೋಡಿಯಂ ಇಳಿಯಬಹುದಾದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಎನಾಲಾಪ್ರಿಲ್, ರಾಮಿಪ್ರಿಲ್‌ಗಳಿಂದ ಒಣಕೆಮ್ಮು ಹತ್ತಬಹುದು. ಮುಂಡರಗಿ ಕಡೆಯ ತಾಯಿಯೊಬ್ಬರು ಇದೇ ಕೆಮ್ಮಿಗೆ ಬೇಸತ್ತು ಬಿ.ಪಿ. ಗುಳಿಗೆಯನ್ನೇ ಬಿಟ್ಟಿದ್ದರು. ವೈದ್ಯರು ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದ ಮೇಲೆ ಕೆಮ್ಮು ನಿಂತಿತು. ಆದರೆ ಅದೇ ಟೆಲ್ಮಿಸಾರ್ಟನ್ ಗರ್ಭಿಣಿಯರಿಗೆ ಕೂಡದು. ಇನ್ನು ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರು ನೆರೆಯವರ ಮಾತು ಕೇಳಿ ಅದನ್ನು ದಿಢೀರನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತದ ಅಪಾಯವೂ ಉಂಟು. ಗುಳಿಗೆ ಅದಲು-ಬದಲು ಮಾಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

‘ಜೋರಿಂದ ಗುಳಿಗಿ ಕೊಡ್ರಿ’ ಎಂದು ಹೆಚ್ಚು ಪ್ರಮಾಣದ್ದನ್ನೇ ಕೇಳುವವರೂ ಇದ್ದಾರೆ. ಒಂದೇ ಔಷಧದ ಪ್ರಮಾಣವನ್ನು ಇಮ್ಮಡಿಗೊಳಿಸಿದಾಗ ಒತ್ತಡ ಎಷ್ಟು ಹೆಚ್ಚುವರಿಯಾಗಿ ಇಳಿಯುತ್ತದೆಯೋ ಅದರ ಸುಮಾರು ಐದು ಪಟ್ಟು, ಬೇರೆ ವರ್ಗದ ಇನ್ನೊಂದು ಔಷಧ ಸೇರಿಸಿದಾಗ ಇಳಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಆದ್ದರಿಂದ ವೈದ್ಯರು ಎರಡು ಬಗೆಯ ಗುಳಿಗೆ ಬರೆದರೆ ಕಾಯಿಲೆ ಕೈಮೀರಿತೆಂದು ಹೆದರಬೇಕಿಲ್ಲ.

ಗೊಂದಲಕ್ಕೆ ದೊಡ್ಡ ಕಾರಣ ಹೆಸರುಗಳೇ. ಇಬ್ಬರು ಹಿರಿಯರು ತಮ್ಮ ತಮ್ಮ ಗುಳಿಗೆಯೇ ಮೇಲೆಂದು ನನ್ನೆದುರು ವಾದಿಸಿದ್ದರು. ಪಟ್ಟಿ ತಿರುವಿ ನೋಡಿದರೆ ಎರಡರಲ್ಲೂ ಅಮ್ಲೋಡಿಪಿನ್ 5 ಮಿಲಿಗ್ರಾಂ ಇತ್ತು, ಕಂಪನಿ ಮಾತ್ರ ಬೇರೆ. ವೈದ್ಯರು ಚೀಟಿಯಲ್ಲಿ ಔಷಧದ ಮೂಲ ಹೆಸರನ್ನೂ, ಅದರಿಂದ ಆಗಬಹುದಾದ ತೊಂದರೆಯನ್ನೂ ಕನ್ನಡದಲ್ಲಿ ಒಂದು ಸಾಲು ಬರೆದುಕೊಡಬೇಕೆಂದೂ, ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈ ಐದಾರು ಔಷಧಗಳ ಮೂಲ ಹೆಸರುಗಳನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಬೇಕೆಂದೂ ವಿನಂತಿಸುತ್ತೇನೆ. ಆ ಪುಟವನ್ನು ನನ್ನ ಅಂಗಡಿಯ ಗೋಡೆಗೆ ಹಚ್ಚುತ್ತೇನೆ.

– ಔಷಧ ವ್ಯಾಪಾರಿ, ಗದಗ