ಬ್ಯಾಟಿಗೆ ಶೇ 5, ಡಂಬೆಲ್ಲಿಗೆ ಶೇ 18 ಯಾಕೆ?

ಸಂಪಾದಕರೇ,

2025ರ ಸೆಪ್ಟೆಂಬರ್ 22ರಿಂದ ಜಿಮ್ ಶುಲ್ಕದ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಅವತ್ತಿನಿಂದ ನನ್ನ ಜಿಮ್ಮಿಗೆ ಬರುವವರದ್ದೆಲ್ಲ ಒಂದೇ ಪ್ರಶ್ನೆ: 'ಟ್ಯಾಕ್ಸ್ ಇಳಿದ್ರೂ ಫೀಸ್ ಯಾಕೆ ಅಷ್ಟು ಇಳಿಸಿಲ್ಲ?' ಬೆಳಿಗ್ಗೆ ಐದೂವರೆಗೇ ಬಂದು ಸೈಕಲ್ ಹತ್ತುವ ನಿವೃತ್ತ ಮೇಷ್ಟ್ರೊಬ್ಬರಂತೂ ಪೆಡಲ್ ತುಳಿಯುತ್ತಲೇ ಲೆಕ್ಕ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಪತ್ರ.

ಶೇ 5 ಅನ್ನುವುದು ಸುಮ್ನೆ ಬಂದಿಲ್ಲ, ಒಂದು ಷರತ್ತಿನ ಜೊತೆ ಬಂದಿದೆ. ಮೊದಲು ನಾನು ಯಂತ್ರ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು, ಗ್ರಾಹಕರಿಂದ ಪಡೆದು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದಿತ್ತು. ಈಗ ಆಗುವುದಿಲ್ಲ. ಯಂತ್ರದ ಮೇಲಿನ ತೆರಿಗೆಯಾದರೂ ಇಳಿದಿದೆಯಾ ಅಂದರೆ ಅದೂ ಇಲ್ಲ, ಶೇ 18ರಲ್ಲೇ ನಿಂತಿದೆ. ಎರಡು ಲಕ್ಷದ ಟ್ರೆಡ್‌ಮಿಲ್ ತಂದರೆ ಮೂವತ್ತಾರು ಸಾವಿರ ಪೂರ್ತಿ ನನ್ನ ತಲೆ ಮೇಲೆ. ಅದೇ ದಿನ ಆಟದ ಸಾಮಾನುಗಳ ತೆರಿಗೆ ಮಾತ್ರ ಶೇ 12ರಿಂದ ಶೇ 5ಕ್ಕೆ ಇಳಿಯಿತು. 'ಸಾಮಾನ್ಯ ವ್ಯಾಯಾಮದ ಸಾಧನಗಳನ್ನು ಬಿಟ್ಟು' ಎಂದು ತೆರಿಗೆ ಪಟ್ಟಿಯ ಆ ಸಾಲಿನಲ್ಲೇ ಬರೆದಿದ್ದಾರೆ. ಕ್ರಿಕೆಟ್ ಬ್ಯಾಟ್ ಒಳಗೆ, ಡಂಬೆಲ್ ಹೊರಗೆ.

ನನಗೆ ಇದು ವಿಚಿತ್ರ ಅನ್ನಿಸುವುದಕ್ಕೆ ಇನ್ನೊಂದು ಕಾರಣವಿದೆ. ಗಡಿ ದಾಟುವ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡುವ ಕಸ್ಟಮ್ಸ್‌ನವರ ಪಟ್ಟಿಯಲ್ಲಿ ಇವೆರಡೂ ಒಂದೇ ಮನೆಯ ಮಕ್ಕಳು. ವ್ಯಾಯಾಮ, ಜಿಮ್ನಾಸ್ಟಿಕ್ಸ್, ಅಥ್ಲೆಟಿಕ್ಸ್, ಟೇಬಲ್ ಟೆನಿಸ್, ಹೊರಾಂಗಣ ಆಟ, ಎಲ್ಲವೂ 9506 ಅನ್ನುವ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆ. ಇದು ನಮ್ಮ ದೇಶದವರು ಮಾತ್ರ ಮಾಡಿಕೊಂಡ ಪಟ್ಟಿಯೂ ಅಲ್ಲ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯದು, 1988ರಿಂದ ಜಾರಿಯಲ್ಲಿದೆ. ಪೂರ್ತಿ ಸಂಖ್ಯೆಗೆ ಎಂಟು ಅಂಕಿ, 9506 ಅದರ ಮೊದಲ ನಾಲ್ಕು. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ಕೊನೆಯ ಎರಡು ನಮ್ಮವು.

ಈ ಅಂಕಿಗಳ ಭಾಷೆ ನನಗೆ ಮನೆಯಲ್ಲೇ ಸಿಕ್ಕಿದ್ದು. ನನ್ನ ಅಪ್ಪ ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ರಫ್ತಿನ ಕಾಗದಪತ್ರ ಬರೆಯುತ್ತಿದ್ದರು. 'ಬೀಜ 0901, ಹುರಿದರೂ 0901, ಅದನ್ನೇ ಇನ್‌ಸ್ಟಂಟ್ ಪುಡಿ ಮಾಡಿದರೆ 2101' ಅಂತ ಊಟದ ಹೊತ್ತಲ್ಲೂ ಹೇಳೋರು. ಒಂದೇ ಗಿಡದ್ದು, ಪಟ್ಟಿಯಲ್ಲಿ ಎರಡು ಅಧ್ಯಾಯ (ಮೊದಲ ಎರಡು ಅಂಕಿಯೇ ಅಧ್ಯಾಯ). ಯಾರು ಕುಡಿಯುತ್ತಾರೆ ಅನ್ನುವುದಲ್ಲ, ಗಡಿ ದಾಟುವಾಗ ಆ ವಸ್ತು ಏನಾಗಿದೆ ಅನ್ನುವುದನ್ನು ನೋಡುತ್ತಾರೆ ಅನ್ನೋದು ಅವರ ಪಾಠ.

ಆ ಪಾಠ ಮರೆತು ಎರಡು ವರ್ಷದ ಹಿಂದೆ ಪೆಟ್ಟು ತಿಂದೆ. ನಾವು ಮೂರು ಊರಿನ ಜಿಮ್‌ನವರು ಸೇರಿ ಬೆಂಗಳೂರಿನ ಒಬ್ಬ ಆಮದುದಾರರ ಮೂಲಕ ಯಂತ್ರ ತರಿಸಿದೆವು. ನಿಂತಲ್ಲೇ ತುಳಿಯುವ ನಾಲ್ಕು ಸೈಕಲ್, ದೋಣಿಗೆ ಹುಟ್ಟು ಹಾಕಿದ ಹಾಗೆ ಎಳೆಯುವ ಎರಡು ರೋಯಿಂಗ್ ಯಂತ್ರ, ಒಂದು ಟ್ರೆಡ್‌ಮಿಲ್. ಕಾಗದ ಬರೆದ ಏಜೆಂಟ್ ಸೈಕಲ್ ಅನ್ನುವ ಪದ ನೋಡಿದವನೇ 8712 ಅಂತ ಹಾಕಿಬಿಟ್ಟ. ಅದು ರಸ್ತೆಯಲ್ಲಿ ಓಡುವ ಸೈಕಲ್ಲಿನದು! ನಮ್ಮದಕ್ಕೆ ಒಂದೇ ಚಕ್ರ, ಅದೂ ಕಬ್ಬಿಣದ ಗಾಲಿ. ಎಷ್ಟು ತುಳಿದರೂ ಹನುಮಂತಪ್ಪ ವೃತ್ತ ದಾಟುವ ಗಾಡಿ ಅಲ್ಲ. ಕಸ್ಟಮ್ಸ್‌ನಿಂದ ಪ್ರಶ್ನೆ ಬಂತು, ಸಾಮಾನು ನಿಂತಿತು. ಗಾಬರಿಯಲ್ಲಿ ಅವನು ಇನ್ನೊಂದು ಉಪಾಯ ಹೇಳಿದ: 'ಮಂಡಿ ನೋವಿನವರೂ ತುಳೀತಾರಲ್ಲ ಸಾರ್, ಚಿಕಿತ್ಸೆಯ ಯಂತ್ರ ಅಂತ 9019 ಹಾಕೋಣ.'

ಅದೂ ನಿಲ್ಲುವ ಮಾತಲ್ಲ. 9019 ಇರುವುದು ವೈದ್ಯರ ಉಸ್ತುವಾರಿಯಲ್ಲಿ ಕೀಲು, ಸ್ನಾಯುಗಳ ಚಿಕಿತ್ಸೆಗೆ ಬಳಸುವ ಯಂತ್ರಗಳಿಗೆ. ಆ ಶೀರ್ಷಿಕೆಯ ವಿವರಣಾ ಟಿಪ್ಪಣಿಯಲ್ಲೇ ರೋಯಿಂಗ್ ಯಂತ್ರ, ಒಂದೇ ಚಕ್ರದ ನಿಂತ ಸೈಕಲ್ ಎರಡನ್ನೂ ಹೆಸರು ಹಿಡಿದು ಹೇಳಿ, ಇವು 9506ಕ್ಕೆ ಹೋಗಬೇಕು ಎಂದಿದ್ದಾರೆ. ನಮ್ಮ ಮೇಷ್ಟ್ರ ಮಂಡಿ ನಿಜಕ್ಕೂ ನೋಯುತ್ತದೆ, ಫಿಸಿಯೋಥೆರಪಿಯವರೇ ಸೈಕಲ್ ತುಳಿಯಿರಿ ಅಂದಿದ್ದಾರೆ. ಆದರೂ ಯಂತ್ರ ಅದೇ ಅಲ್ವಾ?

ಸರಿಯಾದ ಸಂಖ್ಯೆ ಹಾಕಿ ಬಿಡಿಸಿಕೊಳ್ಳುವಷ್ಟರಲ್ಲಿ ಹನ್ನೊಂದು ದಿನ ಹೋಯಿತು. ಸಾಮಾನು ಬಿಡಿಸಿಕೊಳ್ಳಲು ತಡವಾದದ್ದಕ್ಕೆ ಕಟ್ಟುವ ಡೆಮರೇಜ್ ಶುಲ್ಕವನ್ನು ನಾವು ಮೂವರೂ ಹಂಚಿಕೊಂಡೆವು, ಏಜೆಂಟ್ ಹಂಚಿಕೊಳ್ಳಲಿಲ್ಲ. ಅಧಿಕಾರಿಗಳನ್ನು ನಾನು ಬೈಯುವುದಿಲ್ಲ, ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಟ್ರೆಡ್‌ಮಿಲ್ ಮೂರು ಪೆಟ್ಟಿಗೆಯಲ್ಲಿ ಬಂದಿತ್ತು: ಒಂದರಲ್ಲಿ ಚೌಕಟ್ಟು, ಒಂದರಲ್ಲಿ ಕಂಬ ಮತ್ತು ಪರದೆ, ಇನ್ನೊಂದರಲ್ಲಿ ಬೋಲ್ಟು, ಅಲೆನ್ ಕೀ, ಒಂದು ಸಣ್ಣ ಎಣ್ಣೆ ಸೀಸೆ. ಬಿಡಿಬಿಡಿಯಾಗಿ ಬಂದರೂ ಒಟ್ಟಿಗೆ ಬಂದರೆ ಒಂದೇ ಯಂತ್ರ ಅನ್ನುವುದು ನಿಯಮ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಹೋದ ಮಳೆಗಾಲದಲ್ಲಿ ಕರೆಂಟು ಏರಿಳಿದು ಅದರ ಮೋಟಾರ್ ಸುಟ್ಟಿತು. ಮೋಟಾರ್ ಒಂದನ್ನೇ ತರಿಸಿದರೆ ಅದು 9506 ಅಲ್ಲ, 8501. ಕೈಗೆ ಹಾಕುವ ಚರ್ಮದ ಗ್ಲೌಸ್ ಬೇರೆ ಅಧ್ಯಾಯ, ಶೂ ಇನ್ನೊಂದು ಅಧ್ಯಾಯ. ಇದನ್ನೆಲ್ಲ ಕಲಿತ ಮೇಲೆ ನನಗೆ ಅಪ್ಪನ ಮೇಲೆ ಗೌರವ ಜಾಸ್ತಿಯಾಗಿದೆ.

ಈಗ ಮೊದಲಿನ ಮಾತಿಗೆ ಬರುತ್ತೇನೆ. ಬಂದರಿನಲ್ಲಿ 9506 ಅನ್ನುವ ಒಂದೇ ಬಾಗಿಲಿನಿಂದ ಒಳಗೆ ಬಂದ ಬ್ಯಾಟನ್ನೂ ಡಂಬೆಲ್ಲನ್ನೂ ಜಿಎಸ್‌ಟಿಯವರು ಅಂಗಳದಲ್ಲಿ ಬೇರೆ ಮಾಡಿದ್ದಾರೆ. ವಿದೇಶದಿಂದ ತಂದರಂತೂ ಮೊದಲು ಸುಂಕ, ಆಮೇಲೆ ಬೆಲೆಗೆ ಸುಂಕ ಕೂಡಿಸಿ ಅದರ ಮೇಲೆ ಶೇ 18. ವ್ಯಾಯಾಮದ ಸಾಧನ ಅಂದರೆ ಶ್ರೀಮಂತರ ಶೋಕಿ ಅನ್ನುವ ಹಳೇ ಲೆಕ್ಕ ಇದ್ದಿರಬೇಕು. 2017ರಲ್ಲಿ ಜಿಎಸ್‌ಟಿ ಶುರುವಾದಾಗ ಇದು ಶೇ 28ರಲ್ಲಿತ್ತು, ಅದೇ ನವೆಂಬರ್‌ನಲ್ಲಿ 18ಕ್ಕೆ ಇಳಿಸಿದರು. ಅಲ್ಲಿಂದ ಅಲ್ಲಾಡಿಲ್ಲ. ನನ್ನ ಜಿಮ್ಮಿಗೆ ಬರುವವರು ಆಟೋ ಓಡಿಸುವವರು, ಪೊಲೀಸ್ ಪರೀಕ್ಷೆಗೆ ತಯಾರಾಗುವ ಹುಡುಗರು, ಸಕ್ಕರೆ ಕಾಯಿಲೆ ಇರುವ ಹೆಂಗಸರು. ಇವರಲ್ಲಿ ಶೋಕಿ ಯಾರದ್ದು?

'ಸಾಮಾನ್ಯ ವ್ಯಾಯಾಮದ ಸಾಧನಗಳನ್ನು ಬಿಟ್ಟು' ಅನ್ನುವ ಆ ನಾಲ್ಕು ಪದ ತೆಗೆಸಿ ಎಂದು ಜಿಎಸ್‌ಟಿ ಮಂಡಳಿಯಲ್ಲಿ ಕೂರುವ ನಮ್ಮ ರಾಜ್ಯದ ಪ್ರತಿನಿಧಿಗಳು ಕೇಳಬೇಕು. ಅಲ್ಲಿಯವರೆಗೆ, ಯಂತ್ರ ಕೊಳ್ಳುವ ಸಣ್ಣ ಜಿಮ್‌ನವರು ಏಜೆಂಟ್ ಯಾವ ಸಂಖ್ಯೆ ಹಾಕುತ್ತಿದ್ದಾನೆ ಎಂದು ಹಡಗು ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಮೇಷ್ಟ್ರೇ, ನಿಮ್ಮ ಫೀಸ್ ಲೆಕ್ಕ ಇದು. ಈ ತಿಂಗಳದ್ದು ಇನ್ನೂ ಬಂದಿಲ್ಲ.

— ಒಬ್ಬ ಜಿಮ್ ಮಾಲೀಕ, ಚಿಕ್ಕಮಗಳೂರು