ಘಟಕವಿದ್ದರೆ ಸಾಲದು, ಕೆರೆಯ ನೀರನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ದೊಡ್ಡಬಳ್ಳಾಪುರ ಪಟ್ಟಣದ ಒಳಚರಂಡಿ ನೀರು ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳನ್ನು ಸೇರುತ್ತಿರುವುದರ ವಿರುದ್ಧ ದೊಡ್ಡತುಮಕೂರು ಹಾಗೂ ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣ, ಅಂದರೆ ಮೊದಲ ಎರಡು ಹಂತಗಳ ನಂತರವೂ ನೀರಿನಲ್ಲಿ ಉಳಿಯುವುದನ್ನು ತೆಗೆಯುವ ಕೆಲಸ, ಆಗಲೇಬೇಕೆಂಬುದು ಅವರ ಬೇಡಿಕೆ. ಪಟ್ಟಣಕ್ಕೆ ಎರಡು ಹಂತದ ಕೊಳಚೆ ನೀರು ಶುದ್ಧೀಕರಣ ಘಟಕ ಇದೆಯಲ್ಲ, ಇನ್ನೇಕೆ ಗಲಾಟೆ ಎನ್ನುವವರಿದ್ದಾರೆ. ಆ ಘಟಕದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿದರೆ ಹಳ್ಳಿಗರ ಮಾತು ನ್ಯಾಯವೆಂದು ಯಾರಿಗಾದರೂ ಅನ್ನಿಸುತ್ತದೆ.

ಎರಡು ಹಂತದ ಶುದ್ಧೀಕರಣದಲ್ಲಿ ಮೊದಲು ಕಸ, ಮರಳು, ಗಸಿ ಬೇರೆಯಾಗುತ್ತವೆ. ನಂತರ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ಕಡಿಮೆ ಮಾಡುತ್ತವೆ. ಹೊರಬಂದ ನೀರು ಗಾಜಿನ ಲೋಟದಲ್ಲಿ ತಿಳಿಯಾಗಿಯೇ ಕಂಡೀತು. ಆದರೆ ಅದರಲ್ಲಿನ ಸಾರಜನಕ ಮತ್ತು ರಂಜಕದ ಬಹುಪಾಲು ಉಳಿದೇ ಇರುತ್ತದೆ. ಆ ನೀರು ಕೆರೆಯಲ್ಲಿ ನಿಂತಾಗ ಪಾಚಿ, ಜೊಂಡು, ಅಂತರಗಂಗೆಗಳಿಗೆ ಅದೇ ಗೊಬ್ಬರ; ಅವು ಕೊಳೆತಾಗ ನೀರಿನ ಆಮ್ಲಜನಕ ಕುಸಿದು ಮೀನು ಸಾಯುತ್ತವೆ.

ಮಾನದಂಡಗಳ ಕಥೆಯೂ ವಿಚಿತ್ರ. 2017ರ ಕೇಂದ್ರದ ಅಧಿಸೂಚನೆಯು ಸಂಸ್ಕರಿಸಿದ ನೀರಿನ ಬಿಒಡಿ (ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ; ಹೆಚ್ಚಿದ್ದಷ್ಟೂ ನೀರು ಕೊಳಕು) ಪ್ರಮಾಣವನ್ನು ಮಹಾನಗರಗಳಿಗೆ ಲೀಟರಿಗೆ 20 ಮಿಲಿಗ್ರಾಂ ಎಂದೂ ಉಳಿದ ಊರುಗಳಿಗೆ 30 ಎಂದೂ ನಿಗದಿ ಮಾಡಿ, ಸಾರಜನಕ, ರಂಜಕಗಳಿಗೆ ಮಿತಿಯನ್ನೇ ಹಾಕಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇದನ್ನು ಒಪ್ಪದೆ, ಬಿಒಡಿ 10ಕ್ಕೆ ಇಳಿಯಬೇಕು, ಉಳಿದೆರಡಕ್ಕೂ ಮಿತಿ ಬೇಕು ಎಂದು ಆದೇಶಿಸಿತು. ಸಣ್ಣ ಊರಿನ ಕೊಳೆಗೆ ಸಡಿಲ ನಿಯಮ ಏಕೆ ಎಂಬುದು ನನಗಂತೂ ಅರ್ಥವಾಗಿಲ್ಲ. ಆ ನೀರು ಹೋಗುವುದು ಸಮುದ್ರಕ್ಕಲ್ಲ, ಪಕ್ಕದ ಹಳ್ಳಿಯ ಕೆರೆಗೆ. ಹರಿಯುವ ಹೊಳೆಯಾದರೆ ಬಿಟ್ಟ ಕೊಳೆ ಒಳ್ಳೆಯ ನೀರಿನಲ್ಲಿ ಬೆರೆತು ತೆಳುವಾಗುತ್ತದೆ ಎನ್ನಬಹುದು. ನಂದಿಬೆಟ್ಟದಲ್ಲಿ ಹುಟ್ಟಿ ಈ ಕೆರೆಗಳ ಸಾಲಿನಲ್ಲಿ ಸಾಗುವ ಅರ್ಕಾವತಿ ನದಿಯಲ್ಲಿ ಆ ಹರಿವೆಲ್ಲಿದೆ? ಸಾವಿರಾರು ಕೊಳವೆಬಾವಿಗಳು ಮತ್ತು ನೀಲಗಿರಿ ತೋಪುಗಳು ಅಂತರ್ಜಲವನ್ನು ಹೀರಿದ ಮೇಲೆ, ಮಳೆಗಾಲ ಕಳೆದರೆ ಈ ಹಳ್ಳದಲ್ಲಿ ಉಳಿಯುವುದು ಪಟ್ಟಣ ಬಿಟ್ಟ ನೀರು ಮಾತ್ರ. ಒಂದು ಕೆರೆ ಕೋಡಿ ಬಿದ್ದರೆ ಅದೇ ನೀರು ಮುಂದಿನ ಕೆರೆಗೆ ಇಳಿಯುತ್ತದೆ, ಇಂಗಿದ್ದು ಸುತ್ತಲಿನ ಕೊಳವೆಬಾವಿಗಳಿಗೆ ಸೇರುತ್ತದೆ.

ಇದರ ಮೇಲೆ ಬಣ್ಣದ ಸಮಸ್ಯೆ. ನಮ್ಮದು ವಿದ್ಯುತ್ ಮಗ್ಗಗಳ ಊರು. ಮನೆಮನೆಯ ಸಣ್ಣ ಘಟಕಗಳಲ್ಲಿ ರೇಷ್ಮೆ ನೂಲನ್ನು ಸೋಪು, ಸೋಡಾದಲ್ಲಿ ಕುದಿಸಿ ಬಣ್ಣ ಹಾಕಿದ ಮೇಲೆ ಉಳಿದ ನೀರು ಚರಂಡಿಗೇ ಹೋಗುತ್ತದೆ. ಅದ್ದಿದ ಬಣ್ಣ ಯಾವುದೆಂದು ಮೋರಿ ನೋಡಿಯೇ ಹೇಳಬಹುದು. ಮಲಮೂತ್ರದ ನೀರಿಗೆಂದು ರೂಪಿಸಿದ ಘಟಕದ ಬ್ಯಾಕ್ಟೀರಿಯಾಗಳಿಂದ ಈ ಬಣ್ಣಗಳು ಸುಲಭವಾಗಿ ನಾಶವಾಗವು, ಉಪ್ಪಿನಂಶವಂತೂ ಹೋಗುವುದೇ ಇಲ್ಲ. ನೇಕಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದೆರಡು ತೊಟ್ಟಿ ಇಟ್ಟುಕೊಂಡು ಬದುಕುವವರು ಸ್ವಂತ ಶುದ್ಧೀಕರಣ ಘಟಕ ಕಟ್ಟಲಾರರು. ಅವರಿಗೆ ಸರ್ಕಾರವೇ ಸಾಮೂಹಿಕ ಘಟಕವೊಂದನ್ನು ಕಟ್ಟಿಕೊಡಬೇಕು. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಆ ರಿಯಾಯಿತಿ ಬೇಕಿಲ್ಲ.

ಇದು ಎರಡು ಪಂಚಾಯಿತಿಗಳ ಗೋಳಷ್ಟೇ ಎಂದು ಬೆಂಗಳೂರಿನವರು ಭಾವಿಸಬಾರದು. 1890ರ ದಶಕದಲ್ಲಿ ಅವರಿಗೆ ಕೊಳಾಯಿ ನೀರು ಕೊಟ್ಟ ಹೆಸರಘಟ್ಟ ಕೆರೆ, 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿ ಜಲಾಶಯ ಎರಡೂ ಇದೇ ಅರ್ಕಾವತಿಯ ಪಾತ್ರದಲ್ಲಿವೆ. ಎತ್ತಿನಹೊಳೆ ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನವೂ ಬೇಡ. ಕೋಟಿಗಟ್ಟಲೆ ಸುರಿದು ಪಶ್ಚಿಮಘಟ್ಟದಿಂದ ತಂದ ನೀರನ್ನು ಕೊಳೆತ ಕೆರೆಗೆ ತುಂಬಿಸುವುದು ಯಾವ ಜಾಣತನ?

ಮೂರನೇ ಹಂತದ ಘಟಕಕ್ಕೆ ಹಣ, ಜಾಗ, ಗಡುವು ಮೂರನ್ನೂ ಸರ್ಕಾರ ಒಂದೇ ಆದೇಶದಲ್ಲಿ ಪ್ರಕಟಿಸಲಿ. ಅದು ಮುಗಿಯುವವರೆಗೆ, ಘಟಕದಿಂದ ಹೊರಬರುವ ನೀರು ಮತ್ತು ಎರಡೂ ಕೆರೆಗಳ ನೀರಿನ ಪರೀಕ್ಷಾ ವರದಿಗಳನ್ನು, ರಂಜಕ, ಸಾರಜನಕ, ಭಾರಲೋಹಗಳ ಅಂಕಿಗಳ ಸಮೇತ, ಪ್ರತಿ ತಿಂಗಳು ಆಯಾ ಪಂಚಾಯಿತಿ ಕಚೇರಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಲಿ.

– ಅರ್ಕಾವತಿ ಪಾತ್ರದ ನಿವಾಸಿ, ದೊಡ್ಡಬಳ್ಳಾಪುರ ತಾಲ್ಲೂಕು