ದಿನಾ ನೋಡುವವರ ಹೆಸರನ್ನೂ ಕೇಳಿಕೊಳ್ಳೋಣ

ಮಾನ್ಯ ಸಂಪಾದಕರೇ,

ಮೈಸೂರು–ಬೆಂಗಳೂರು ರೈಲಿನಲ್ಲಿ ಪಾಸ್ ಮಾಡಿಸಿಕೊಂಡು ಓಡಾಡುವ ನಮಗೆಲ್ಲ ಜೊತೆಯವರ ವಿಷಯ ಎಷ್ಟೊಂದು ಗೊತ್ತು. ಯಾರು ಮದ್ದೂರಿನಲ್ಲಿ ಹತ್ತುತ್ತಾರೆ, ಯಾರಿಗೆ ಕಿಟಕಿ ಪಕ್ಕವೇ ಆಗಬೇಕು, ಯಾರು ಕೂತ ತಕ್ಷಣ ನಿದ್ದೆ ಹೋಗುತ್ತಾರೆ, ಎಲ್ಲ ಗೊತ್ತು. ಹೆಸರು ಮಾತ್ರ ಗೊತ್ತಿರುವುದಿಲ್ಲ.

ಕಳೆದ ತಿಂಗಳು ರಾಮನಗರ ದಾಟಿದ ಮೇಲೆ ನಮ್ಮ ಬೋಗಿಯಲ್ಲಿ ಹಿರಿಯರೊಬ್ಬರು ಬೆವತು ಪಕ್ಕಕ್ಕೆ ವಾಲಿದರು. ದಿನಾ ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪೇಪರ್ ಓದುವವರು. ಯಾರೋ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿದರು. ಅಲ್ಲಿಂದ ಹೆಸರು ಕೇಳಿದರು. ಅವರನ್ನು ದಿನಾ ನೋಡುವವರೇ ಸುತ್ತ ನಿಂತಿದ್ದೆವು, ಒಬ್ಬರಿಗೂ ಹೇಳಲಾಗಲಿಲ್ಲ. ಮೊದಲಾದರೆ ಪಾಸಿನ ಜೊತೆ ಫೋಟೊ ಇರುವ ಗುರುತಿನ ಕಾರ್ಡ್ ಜೇಬಿನಲ್ಲಿರುತ್ತಿತ್ತು. ಈಗ ಅವರ ಪಾಸ್ ಮೊಬೈಲ್‌ನಲ್ಲಿ, ಮೊಬೈಲ್‌ಗೆ ಲಾಕ್. ಕೆಂಗೇರಿಯಲ್ಲಿ ಇಳಿಸಿದಾಗ ಎದುರು ಸೀಟಿನ ಹುಡುಗಿ ಕೆಲಸ ಬಿಟ್ಟು ಆಂಬುಲೆನ್ಸ್‌ನಲ್ಲಿ ಜೊತೆಗೆ ಹೋದಳು. ಆಕೆಯೂ ಅವರನ್ನು ಯಾವತ್ತೂ ಮಾತಾಡಿಸಿದವಳಲ್ಲ. ಮನೆಯವರಿಗೆ ವಿಷಯ ತಿಳಿದಿದ್ದು ಮಧ್ಯಾಹ್ನ, ಅವರೇ ಆ ಫೋನ್‌ಗೆ ಕರೆ ಮಾಡಿದಾಗ. ಪುಣ್ಯಕ್ಕೆ ಈಗ ಹುಷಾರಾಗಿದ್ದಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ಇಂಥ ಮುಖಪರಿಚಯದ ಬಗ್ಗೆ ಬರೆದಿದ್ದರು. ಸ್ಟೇಷನ್‌ನಲ್ಲಿ ರೈಲಿಗೆ ಕಾಯುವವರ ಫೋಟೊ ತೆಗೆದು ಅವರಿಗೇ ತೋರಿಸಿದಾಗ, ಒಬ್ಬೊಬ್ಬರೂ ಸರಾಸರಿ 4 ಮಂದಿಯನ್ನು ಗುರುತು ಹಿಡಿದರು. ಯಾವತ್ತೂ ಮಾತಾಡಿಸದವರನ್ನು! ಅವರೇ ಬರೆದಿರುವ ಇನ್ನೊಂದು ಘಟನೆಯಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬೀದಿಯಲ್ಲಿ ಕುಸಿದುಬಿದ್ದ ಹೆಂಗಸಿನ ಜೊತೆ ಆಸ್ಪತ್ರೆಗೆ ಹೋದವರೂ ಬರೀ ಮುಖ ನೋಡಿ ಬಲ್ಲವರೇ. ಇಷ್ಟು ವರ್ಷ ನೋಡಿದ್ದರಿಂದ ಅದು ತಮ್ಮ ಜವಾಬ್ದಾರಿ ಅನ್ನಿಸಿತು ಎಂದು ಅವರು ಹೇಳಿದ್ದರಂತೆ. ನಮ್ಮ ಬೋಗಿಯ ಹುಡುಗಿಗೂ ಹಾಗೇ ಅನ್ನಿಸಿರಬೇಕು. ಈಗಿನವರಿಗೆ ಕರುಣೆಯಿಲ್ಲ ಅಂತ ಸುಮ್ನೆ ಬೈಯುವುದನ್ನು ನಾನು ಒಪ್ಪುವುದಿಲ್ಲ. ಅವತ್ತು ಸಹಾಯಕ್ಕೆ ಬೇಕಾದಷ್ಟು ಜನ ಇದ್ದರು. ಮನೆಯ ನಂಬರ್ ಒಂದು ಇರಲಿಲ್ಲ.

ಲಾಕ್ ಆಗಿದ್ದರೂ ಕಾಣುವಂತೆ ತುರ್ತು ನಂಬರ್ ಹಾಕಿಡುವ ಸೌಲಭ್ಯ ಈಗಿನ ಸ್ಮಾರ್ಟ್‌ಫೋನ್‌ಗಳಲ್ಲಿದೆ. ದಯವಿಟ್ಟು ಇವತ್ತೇ ಹಾಕಿ, ಬರದಿದ್ದರೆ ಮಕ್ಕಳ ಹತ್ತಿರ ಹಾಕಿಸಿಕೊಳ್ಳಿ. ಫೋನ್ ಕವರ್ ಒಳಗೆ ಒಂದು ಚೀಟಿಯಾದರೂ ಇರಲಿ. ಸಕ್ಕರೆ ಕಾಯಿಲೆ ಇದ್ದವರು, ಹಾರ್ಟಿಗೆ ಮಾತ್ರೆ ತಗೊಳ್ಳುವವರು ಅದನ್ನೂ ಬರೆದಿಡಿ. ಪಕ್ಕದವರ ಹೆಸರು, ಊರು ಕೇಳಿಕೊಳ್ಳಿ. ನಂಬರ್ ಕೊಡಲು ಹೆಣ್ಣುಮಕ್ಕಳಿಗೆ ಹಿಂಜರಿಕೆ ಇರುತ್ತದೆ, ಅದು ಸರಿಯೇ. ನಮ್ಮ ನಮ್ಮಲ್ಲೇ ಒಬ್ಬರಿಗಾದರೂ ಗೊತ್ತಿದ್ದರೆ ಸಾಕು, ಅಲ್ವಾ? ರೈಲ್ವೆಯವರು ಕೂಡ ಪಾಸ್ ಕೊಡುವ ಕೌಂಟರ್ ಮುಂದೆ, ಆ್ಯಪ್‌ನಲ್ಲಿ ತುರ್ತು ನಂಬರ್ ಹಾಕಿಡಿ ಎಂಬ ಸೂಚನೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

— ಪಾಸಿನ ಪ್ರಯಾಣಿಕಳು, ಮಂಡ್ಯ